ಜಿಪಿಒ ಪಿನ್ ಕೋಡನ್ನು ಅವಿಭಾಜ್ಯಗಳಾಗಿ ಒಡೆಯುವುದು ಹೇಗೆ?

ಬೆಂಗಳೂರಿನ ಜಿಪಿಒ, ಅಂದರೆ ಪ್ರಧಾನ ಅಂಚೆ ಕಚೇರಿಯ ಪಿನ್ ಕೋಡ್ 560001. ಜಯನಗರದ ನಮ್ಮ ಮನೆಗೆ ಪಾಠಕ್ಕೆ ಬರುವ ಮಕ್ಕಳಿಗೆ ಇದನ್ನು ಅವಿಭಾಜ್ಯ ಅಪವರ್ತನಗಳಾಗಿ ಒಡೆಯಲು ಕೊಡುತ್ತೇನೆ. ಹೆಚ್ಚಿನವರು ಮುಗ್ಗರಿಸುವುದು ಒಂದೇ ಜಾಗದಲ್ಲಿ.

ಕೊನೆಯ ಅಂಕಿ 1, ಹಾಗಾಗಿ 2 ಮತ್ತು 5 ಬಿಡಿ. ಅಂಕಿಗಳ ಮೊತ್ತ 12, ಅಂದರೆ 3ರಿಂದ ಭಾಗವಾಗುತ್ತದೆ, ಉಳಿಯುವುದು 186667. ಇದರ ಮೊತ್ತ 34, ಇನ್ನು 3 ಬೇಡ.

7, 11, 13ಕ್ಕೆ ಒಂದೊಂದು ನಿಯಮ ಬಾಯಿಪಾಠ ಮಾಡಿಸಬೇಡಿ. ಮೂರನ್ನೂ ಗುಣಿಸಿದರೆ 1001 ಎಂಬುದು ನೆನಪಿದ್ದರೆ ಸಾಕು. ಕೊನೆಯ ಮೂರಂಕಿ 667ರಿಂದ ಅದರ ಎಡಗಡೆಯ 186 ಕಳೆಯಿರಿ: 481. 186667 ಅಂದರೆ 186×1001+481, ಹಾಗಾಗಿ 481 ನೋಡಿದರೆ ಸಾಕು. ಇದು 13×37, 7 ಅಥವಾ 11ರಿಂದ ಭಾಗವಾಗದು. ಹಾಗಾದರೆ 186667 ಕೂಡ 13ರಿಂದ ಮಾತ್ರ ಭಾಗವಾಗುತ್ತದೆ. ಭಾಗಿಸಿದರೆ 14359. ಮತ್ತೊಮ್ಮೆ ಕಳೆದರೆ 359−14=345, ಈ ಸಲ ಮೂರೂ ಹೋಗುವುದಿಲ್ಲ.

ಎಡವುವುದು ಇಲ್ಲೇ. ಹೋದ ಭಾನುವಾರ ಒಬ್ಬ ಹುಡುಗಿ 17, 19, 23 ನೋಡಿ, ಯಾವುದೂ ಹೋಗಲಿಲ್ಲವೆಂದು 14359ರ ಪಕ್ಕ ‘ಅವಿಭಾಜ್ಯ’ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಳು. ಇನ್ನು ಕೆಲವರು ಹೆದರಿ ಏಳು ಸಾವಿರದವರೆಗೂ ಹೊರಡುತ್ತಾರೆ. ಎರಡೂ ತಪ್ಪು. ಎಲ್ಲಿ ನಿಲ್ಲಬೇಕೆಂದು ಹೇಳುವುದು ವರ್ಗಮೂಲ. 120×120 ಅಂದರೆ 14400, ನಮ್ಮ ಸಂಖ್ಯೆಗಿಂತ ದೊಡ್ಡದು. 14359 ಎರಡು ಸಂಖ್ಯೆಗಳ ಗುಣಲಬ್ಧವಾಗಿದ್ದರೆ ಎರಡೂ 120ನ್ನು ದಾಟಲು ಸಾಧ್ಯವಿಲ್ಲ, ಒಂದಾದರೂ ಅದಕ್ಕಿಂತ ಚಿಕ್ಕದಿರಲೇಬೇಕು. ಆದ್ದರಿಂದ 113ರವರೆಗಿನ ಅವಿಭಾಜ್ಯಗಳನ್ನು ನೋಡಿದರೆ ಮುಗಿಯಿತು. ಮೊದಲ 560001ಕ್ಕೆ ಈ ಗಡಿ 748 ಇತ್ತು. ಭಾಗಿಸಿದಂತೆಲ್ಲ ಗಡಿಯೂ ಇಳಿಯುತ್ತದೆ, ಪ್ರತಿ ಸಲ ಹೊಸದಾಗಿ ಲೆಕ್ಕ ಹಾಕಿ. 21, 27, 33 ಮುಟ್ಟಬೇಡಿ. 3 ಹೋಗದಿದ್ದ ಮೇಲೆ ಅವೂ ಹೋಗವು.

ಅವಿಭಾಜ್ಯಗಳ ಪಟ್ಟಿಯನ್ನು ಎರಟೋಸ್ತನೀಸನ ಜರಡಿಯಿಂದ, ಅಂದರೆ 2ರಿಂದ ಶುರುಮಾಡಿ ಪ್ರತಿ ಅವಿಭಾಜ್ಯದ ಗುಣಕಗಳನ್ನು ಹೊಡೆದು ಹಾಕುತ್ತಾ, ನೀವೇ ಮಾಡಿಕೊಳ್ಳಿ. ನಾನು ಕೊಂಡ ಒಂದು ಮಗ್ಗಿ ಪುಸ್ತಕದಲ್ಲಿ 91 ಕೂಡ ಅವಿಭಾಜ್ಯಗಳ ಸಾಲಿನಲ್ಲಿತ್ತು, ಅದು 7×13! ಭಾಗಿಸಲು ಕ್ಯಾಲ್ಕ್ಯುಲೇಟರ್ ಬಳಸಿ, ತಪ್ಪಿಲ್ಲ. ಉತ್ತರವನ್ನೇ ಕೊಟ್ಟುಬಿಡುವ ಆ್ಯಪ್ ಮಾತ್ರ ಮಕ್ಕಳ ಕೈಗೆ ಬೇಡ.

17ರಿಂದ ಒಂದೊಂದಾಗಿ ಬನ್ನಿ. 79ಕ್ಕೆ 60 ಶೇಷ. ಆಮೇಲೆ 83: 14359÷83=173, ಶೇಷವಿಲ್ಲ. ಆ ಹುಡುಗಿ ಇಲ್ಲಿಗೆ ಬಂದಾಗ ಪೆನ್ಸಿಲ್ ಕೆಳಗಿಟ್ಟು ನನ್ನ ಮುಖ ನೋಡಿದಳು. 173ನ್ನು ಮತ್ತೆ ಒಡೆಯಲು ಹೋಗಬೇಡಿ. ಅದರ ವರ್ಗಮೂಲ 14ಕ್ಕಿಂತ ಕಡಿಮೆ, 13ರವರೆಗಿನವು ಆಗಲೇ ಸೋತಿವೆ.

560001=3×13×83×173. ನಾಲ್ಕೂ ಬೇರೆ ಬೇರೆ ಅವಿಭಾಜ್ಯಗಳಾದ್ದರಿಂದ ಒಟ್ಟು ಭಾಜಕಗಳು 2×2×2×2, ಅಂದರೆ 16.

ತಾಳೆ ನೋಡಲು 3×13=39; 14359ನ್ನು 40ರಿಂದ ಗುಣಿಸಿ, 574360 ಬರುತ್ತದೆ, ಅದರಿಂದ ಒಂದು 14359 ಕಳೆಯಿರಿ.