‘ಆಯ್ತಾ ಅಕ್ಕ?’

ಕಳೆದ ವರ್ಷ ಮೇ ತಿಂಗಳಲ್ಲಿ ನನ್ನ ಎಚ್‌ಬಿಎ1ಸಿ 8.2 ಬಂತು, ಜಾಸ್ತಿಯೇ. ಮೂರು ತಿಂಗಳ ಶುಗರಿನ ಸರಾಸರಿ ತೋರಿಸುವ ಪರೀಕ್ಷೆ ಅದು. ಹಿಂದಿನ ದಿನ ಊಟ ಬಿಟ್ಟು ಹೋದರೆಲ್ಲ ಇಳಿಯುವುದಿಲ್ಲ. ಮಾತ್ರೆಯ ಜೊತೆ ದಿನಾ ನಡೆಯಿರಿ ಅಂದರು ಡಾಕ್ಟರು. ನಾಲ್ಕು ದಿನ ನಡೆದೆ, ಐದನೇ ದಿನ ಬಿಟ್ಟೆ.

ಮನೆಯವರು ನೆನಪಿಸುತ್ತಿದ್ದರು, ನಿಜ. ಆದರೆ ಅವರು ಕೇಳಿದರೆ ನನಗೆ ಸಿಟ್ಟು ಬರುತ್ತಿತ್ತು. “ಹಾಗಾದ್ರೆ ಬೆಳಿಗ್ಗೆ ತಿಂಡಿ ಯಾರು ಮಾಡೋದು?” ಅಂತ ಮಾತು ಎಲ್ಲೆಲ್ಲಿಗೋ ಹೋಗುತ್ತಿತ್ತು. ಲೆಕ್ಕ ಕೇಳುವವರು ಮನೆಯ ಹೊರಗಿನವರಾದರೇ ಒಳ್ಳೆಯದು.

ಎದುರು ಮನೆಯ ಹುಡುಗಿ ಬ್ಯಾಂಕಿನಲ್ಲಿದ್ದಾಳೆ. ಅವಳಿಗೆ ಜೆಎಐಐಬಿ ಅಂತ ಬ್ಯಾಂಕಿನವರು ಬರೆಯುವ ಪರೀಕ್ಷೆಗೆ ಓದಲಿಕ್ಕಿತ್ತು, ನಾಲ್ಕು ಪೇಪರ್. ಪುಸ್ತಕ ತಂದಿಟ್ಟು ಆರು ತಿಂಗಳಾಗಿತ್ತು. “ಅಕ್ಕ, ನೀವು ನನ್ನನ್ನು ಕೇಳಿ, ನಾನು ನಿಮ್ಮನ್ನು ಕೇಳ್ತೇನೆ” ಅಂದಳು. ಇದಕ್ಕೆ ಅಕೌಂಟೆಬಿಲಿಟಿ ಪಾರ್ಟ್‌ನರ್ ಅಂತ ಹೆಸರುಂಟು ಅಂತ ಹೇಳಿದ್ದೂ ಅವಳೇ.

ನಾನು ಮೊದಲು ಬರೆದುಕೊಟ್ಟದ್ದು “ಶುಗರ್ ಇಳಿಸಬೇಕು” ಅಂತ. ಅವಳು ಒಪ್ಪಲಿಲ್ಲ. “ಇದನ್ನು ದಿನಾ ರಾತ್ರಿ ನಾನು ಹೇಗೆ ಕೇಳೋದು? ಇವತ್ತು ಇಳಿಯಿತಾ ಅಂತಲಾ?” ಸರಿ ಅಲ್ವಾ! ಕೊನೆಗೆ ಹೀಗೆ ಬರೆದೆವು: ವಾರಕ್ಕೆ ಐದು ದಿನ, ಉಡುಪಿಯ ಅಜ್ಜರಕಾಡಿನ ಭುಜಂಗ ಪಾರ್ಕಿನಲ್ಲಿ 30 ನಿಮಿಷ ಬಿರುಸು ನಡಿಗೆ. ಒಟ್ಟು 150 ನಿಮಿಷ. ದೊಡ್ಡವರಿಗೆ ವಾರಕ್ಕೆ ಇಷ್ಟಾದರೂ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅವಳದ್ದು ದಿನಕ್ಕೆ ಒಂದು ಗಂಟೆ ಓದು. ರಾತ್ರಿ ಒಂಬತ್ತಕ್ಕೆ ವಾಟ್ಸಾಪಿನಲ್ಲಿ ಒಂದೇ ಪ್ರಶ್ನೆ, “ಆಯ್ತಾ?” ಆಯ್ತು ಅಥವಾ ಇಲ್ಲ, ಅಷ್ಟೇ ಉತ್ತರ. ಕಾರಣ ಕೇಳುವಂತಿಲ್ಲ.

ಆಟಿ ತಿಂಗಳು ಬಂತು, ತುಳುನಾಡಿನ ಜೋರು ಮಳೆಯ ತಿಂಗಳು. ಒಂದು ದಿನ ಮಳೆ ಹೊಳವಾಗಲೇ ಇಲ್ಲ. ನಾನು ಅಂಗಳಕ್ಕೂ ಇಳಿಯಲಿಲ್ಲ. ರಾತ್ರಿ ಸುಮ್ನೆ “ಆಯ್ತು” ಅಂತ ಕಳಿಸಿದೆ. ಎರಡು ನಿಮಿಷ ಕಳೆದು ಅವಳದ್ದು ಬಂತು: “ನಂದು ಇವತ್ತು ಆಗ್ಲಿಲ್ಲ ಅಕ್ಕ.” ಓದಿ ಮನಸ್ಸಿಗೆ ಚುಚ್ಚಿದಂತಾಯಿತು. ಕೂಡಲೇ “ನಂದೂ ಆಗಿಲ್ಲ, ಸುಳ್ಳು ಹೇಳಿದೆ” ಅಂತ ಬರೆದೆ. ಅವಳು ಬೈಯಲಿಲ್ಲ. “ನಾಳೆಯೂ ಮಳೆ ಬಂದ್ರೆ ಎಲ್ಲಿ ನಡೀತೀರಿ?” ಅಂತ ಕೇಳಿದಳು. ಮಳೆಗಾಲ ಪ್ರತಿ ವರ್ಷ ಬರುತ್ತದೆ, ಆದರೂ ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಮರುದಿನ ಗಡಿಯಾರ ನೋಡಿಕೊಂಡು ಚಾವಡಿಯಿಂದ ಅಡುಗೆಮನೆಯ ತನಕ ಅರ್ಧ ಗಂಟೆ ನಡೆದೆ. ಒಲೆಯಲ್ಲಿ ಗಂಜಿ ಬೇಯುತ್ತಿತ್ತು. ಪ್ರತಿ ಸುತ್ತಿಗೂ ಒಮ್ಮೆ ಸೌಟು ಆಡಿಸಿ ತಿರುಗುತ್ತಿದ್ದೆ.

ಜೊತೆಗಾರರನ್ನು ಹುಡುಕುವಾಗ ಒಂದು ವಿಷಯ ನೋಡಿ. ಅವರಿಗೂ ಮಾಡಿ ಮುಗಿಸಲಿಕ್ಕೆ ಏನಾದರೂ ಇರಬೇಕು. ಇಲ್ಲದಿದ್ದರೆ ಒಬ್ಬರು ಮೇಷ್ಟ್ರು, ಇನ್ನೊಬ್ಬರು ಹೋಂವರ್ಕ್ ಮಾಡದ ಮಕ್ಕಳು ಅಂತಾಗುತ್ತದೆ. ಅದು ಜಾಸ್ತಿ ದಿನ ನಡೆಯುವುದಿಲ್ಲ.

ಸೆಪ್ಟೆಂಬರಿನಲ್ಲಿ ನನ್ನ ಎಚ್‌ಬಿಎ1ಸಿ 7.1 ಬಂತು. ಮಾತ್ರೆಯ ಪಾಲೂ ಉಂಟು, ರಾತ್ರಿ ಅನ್ನ ಕಡಿಮೆ ಮಾಡಿದ್ದೂ ಉಂಟು. ಅವಳಿಗೆ ಎರಡು ಪೇಪರ್ ಪಾಸಾಯಿತು. ಉಳಿದ ಎರಡಕ್ಕೆ ಈಗ ಓದುತ್ತಿದ್ದಾಳೆ. ಒಂಬತ್ತಾಗಲಿಕ್ಕೆ ಐದು ನಿಮಿಷ ಉಂಟು, ಕೇಳಬೇಕು.