ಜರ್ಮನಿಗೆ ಹೊರಟಿದ್ದೀರಾ? ಮೊದಲು ಮಕ್ಕಳಿಗೆ ಹೇಳಿ

ಬೆಂಗಳೂರಿನಿಂದ ಮ್ಯೂನಿಕ್‌ಗೆ ಹೊರಡುವ ಕುಟುಂಬಗಳಲ್ಲಿ ವೀಸಾ, ಬಾಡಿಗೆ ಮನೆ, ಲಗೇಜು ಎಲ್ಲದಕ್ಕೂ ಪಟ್ಟಿ ಇರುತ್ತದೆ. ಮಕ್ಕಳಿಗೆ ಹೇಳುವ ಕೆಲಸ ಮಾತ್ರ ಕೊನೆಗೆ ಉಳಿಯುತ್ತದೆ. ಎಷ್ಟೋ ಮಕ್ಕಳಿಗೆ ವಿಷಯ ಗೊತ್ತಾಗುವುದು ಪಕ್ಕದ ಮನೆ ಆಂಟಿಯಿಂದ. ಆಮೇಲೆ ಮಗು ಹಠ ಮಾಡುತ್ತದೆ ಅಂತ ದೂರುವುದು ನ್ಯಾಯವಲ್ಲ.

ಹೇಳುವುದು ಹೇಗೆ?

ಕೆಲಸ ಖಚಿತವಾದ ವಾರವೇ ಹೇಳಿ. ವೀಸಾ ಬರಲಿ ಅಂತ ಕಾಯಬೇಡಿ. ಅಪ್ಪ ಅಮ್ಮ ಇಬ್ಬರೂ ಜೊತೆಗೆ ಕೂತು ಹೇಳಿ. "ಅಮ್ಮನಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿದೆ. ಆಗಸ್ಟ್‌ನಲ್ಲಿ ನಾವೆಲ್ಲ ಅಲ್ಲಿಗೆ ಹೋಗ್ತೀವಿ." ಇಷ್ಟು ಸಾಕು.

"ನಿಂಗೆ ಹೋಗೋಕೆ ಇಷ್ಟಾನಾ?" ಅಂತ ಮಾತ್ರ ಕೇಳಬೇಡಿ. ತೀರ್ಮಾನ ಆಗಿಹೋಗಿದೆ ಅಲ್ವಾ? ಮಗು ಬೇಡ ಅಂದರೆ ಏನು ಮಾಡುತ್ತೀರಿ? "ಸುಮ್ನೆ ಸ್ವಲ್ಪ ದಿನ, ಬೇಗ ವಾಪಸ್ ಬರ್ತೀವಿ" ಅನ್ನುವ ಸುಳ್ಳೂ ಬೇಡ. ಅದನ್ನು ನಂಬಿದ ಮಗು ಅಲ್ಲಿ ಯಾರ ಜೊತೆಗೂ ಸ್ನೇಹ ಮಾಡದೆ ವಾಪಸ್ ಹೋಗುವ ದಿನಕ್ಕಾಗಿ ಕಾಯುತ್ತಾ ಇರುತ್ತದೆ.

ಹೇಳಿದ ಮೇಲೆ ಸುಮ್ಮನಿರಿ. ಹಿಮ, ಚಾಕೊಲೇಟ್ ಅಂತ ಪುಸಲಾಯಿಸಬೇಡಿ. ಅಳು ಬಂದರೆ ಅಳಲಿ. ಪ್ರಶ್ನೆಗಳು ಆಮೇಲೆ, ಸ್ನಾನ ಮಾಡಿಸುವಾಗಲೋ ಮಲಗಿಸುವಾಗಲೋ ಬರುತ್ತವೆ. ನನ್ನ ಸೈಕಲ್ ಏನಾಗತ್ತೆ? ಅಜ್ಜಿ ಒಬ್ಬರೇ ಇರ್ತಾರಾ? ನೇರವಾಗಿ ಉತ್ತರಿಸಿ. ಗೊತ್ತಿಲ್ಲದಿದ್ದರೆ "ಗೊತ್ತಾದ ದಿನ ಹೇಳ್ತೀನಿ" ಅನ್ನಿ. ಆ ಮಾತು ಉಳಿಸಿಕೊಳ್ಳಿ.

ಸೈಕಲ್ ಯಾರಿಗೆ ಕೊಡುವುದು, ಯಾವ ಆಟಿಕೆ ಸೂಟ್‌ಕೇಸಿಗೆ ಹೋಗಬೇಕು ಅನ್ನುವುದನ್ನು ಮಗುವೇ ನಿರ್ಧರಿಸಲಿ. ಸ್ಕೂಲಿಗೆ ಹೋದಾಗ ಗುಟ್ಟಾಗಿ ಸಾಮಾನು ಖಾಲಿ ಮಾಡುವುದು ದೊಡ್ಡ ತಪ್ಪು. ಹರಿದ ಗೊಂಬೆಯಾದರೂ ಸರಿ, ಕೇಳಿಯೇ ಕೊಡಿ.

ಕಾಗದ ಪತ್ರ

ಟಿಸಿ, ಅಂಕಪಟ್ಟಿ, ಲಸಿಕೆ ಕಾರ್ಡ್ ಕೈಚೀಲದಲ್ಲಿರಲಿ. 2020ರಿಂದ ಜರ್ಮನಿಯಲ್ಲಿ ಶಾಲೆಗೆ ಸೇರಲು ದಡಾರ ಲಸಿಕೆಯ ದಾಖಲೆ ತೋರಿಸಬೇಕು. ಎರಡೂ ಡೋಸ್ ಆಗಿದೆಯಾ ಅಂತ ಇಲ್ಲಿಯೇ ನೋಡಿಕೊಳ್ಳಿ. ಮ್ಯೂನಿಕ್ ಇರುವ ಬವೇರಿಯಾದಲ್ಲಿ ನಾಲ್ಕನೇ ಕ್ಲಾಸಿನ ಅಂಕ ನೋಡಿ ಮುಂದೆ ಯಾವ ಬಗೆಯ ಶಾಲೆಗೆ ಹೋಗಬಹುದು ಅಂತ ಹೇಳುತ್ತಾರೆ. ಮಗುವಿಗೆ ಒಂಬತ್ತು ವರ್ಷವಾಗಿದ್ದರೆ ಹೊರಡುವ ಮೊದಲೇ ಅಲ್ಲಿನ ಶಾಲೆಗೆ ಬರೆದು ಕೇಳಿ.

ಭಾಷೆ

ದುಬಾರಿ ಆನ್‌ಲೈನ್ ಕೋರ್ಸಿಗೆ ವರ್ಷದ ದುಡ್ಡು ಕಟ್ಟಬೇಡಿ, ಮಕ್ಕಳು ಬೇಗ ಬೇಸರಪಡುತ್ತಾರೆ. ತನ್ನ ಹೆಸರು ಹೇಳುವುದು, ಟಾಯ್ಲೆಟ್ ಎಲ್ಲಿ ಅಂತ ಕೇಳುವುದು, ಅರ್ಥ ಆಗಲಿಲ್ಲ ಅನ್ನುವುದು ಬಂದರೆ ಸಾಕು. ಉಳಿದದ್ದನ್ನು ಶಾಲೆ ಕಲಿಸುತ್ತದೆ. ಮನೆಯಲ್ಲಿ ಕನ್ನಡವೇ ಇರಲಿ. ಮಗು ಬೇಗ ಹೊಂದಿಕೊಳ್ಳಲಿ ಅಂತ ಕನ್ನಡ ಬಿಡಲು ಹೇಳುವವರ ಮಾತು ಕೇಳಲೇಬೇಡಿ.

ದಪ್ಪ ಜಾಕೆಟ್ ಇಲ್ಲಿ ಕೊಳ್ಳಬೇಡಿ. ಇಲ್ಲಿ ಸಿಗುವ ಎಷ್ಟೋ ಜಾಕೆಟ್‌ಗಳು ಆ ಚಳಿಗೆ ಸಾಲವು. ಅಲ್ಲಿ ಮಕ್ಕಳ ಒಳ್ಳೆಯ ಬಟ್ಟೆ ಸೆಕೆಂಡ್ ಹ್ಯಾಂಡ್ ಸಿಗುತ್ತದೆ.

ಅಜ್ಜಿಗೆ ಫೋನ್ ಮಾಡುವ ಹೊತ್ತು ಮೊದಲೇ ಗೊತ್ತುಮಾಡಿ. ಅಲ್ಲಿ ಸಂಜೆ ನಾಲ್ಕು ಅಂದರೆ ಇಲ್ಲಿ, ಅಲ್ಲಿನ ಬೇಸಿಗೆಯಲ್ಲಿ ಏಳೂವರೆ, ಅಲ್ಲಿನ ಚಳಿಗಾಲದಲ್ಲಿ ಎಂಟೂವರೆ.

ಇನ್ನೊಂದು ಮುಖ್ಯ ವಿಷಯ ರಸ್ತೆ. ಅಲ್ಲಿ ವಾಹನಗಳು ಬಲಗಡೆ ಓಡುತ್ತವೆ. ನಮ್ಮ ಮಕ್ಕಳಿಗೆ ದಾಟುವಾಗ ಮೊದಲು ಬಲಕ್ಕೆ ನೋಡುವ ಅಭ್ಯಾಸ. ಅಲ್ಲಿ ಮೊದಲು ಎಡಕ್ಕೆ ನೋಡಬೇಕು. ಚಿಕ್ಕ ಮಕ್ಕಳೂ ಅಲ್ಲಿ ಶಾಲೆಗೆ ತಾವೇ ನಡೆದು ಹೋಗುವುದುಂಟು. ಹಾಗಾಗಿ ತಲುಪಿದ ಮೊದಲ ವಾರ ದಿನಾಲೂ ಮಗುವಿನ ಕೈ ಹಿಡಿದು ಶಾಲೆಯ ದಾರಿಯಲ್ಲಿ ನಡೆಯಿರಿ. ಪ್ರತಿ ತಿರುವಿನಲ್ಲೂ ಮಗುವೇ ನೋಡಿ "ಈಗ ದಾಟಬಹುದು" ಅಂತ ಹೇಳಲಿ.