ಖಾರದ ಗಿರಣಿಯ ಬೇರಿಂಗ್ ಮೊಬೈಲಿನಲ್ಲಿ ಸಿಕ್ಕಿದ್ದು ಹೀಗೆ

"ಮೊಬೈಲ್‌ನ್ಯಾಗ ಬೇರಿಂಗ್ ಹುಡುಕತಾನಂತ ನೋಡ್ರಿ" ಅಂತ ಹಾವೇರಿಯ ಮಿಸ್ತ್ರಿಗಳೆಲ್ಲ ನನ್ನನ್ನು ನೋಡಿ ನಗುತ್ತಿದ್ದರು. ಹಾಳಾದ ಬೇರಿಂಗನ್ನೇ ಸ್ಯಾಂಪಲ್ ಅಂತ ಚೀಲಕ್ಕೆ ಹಾಕಿಕೊಂಡು ಹುಬ್ಬಳ್ಳಿಗೆ ಹೋಗಿ ಅಂಗಡಿ ಅಂಗಡಿ ಸುತ್ತುವುದೇ ನಮ್ಮ ಪದ್ಧತಿ, ಅಲ್ವಾ? ಒಂದು ದಿನದ ಕೂಲಿ ಅಲ್ಲಿಗೇ ಹೋಯಿತು.

ಮೊದಲು ನಾನೂ ಬರೀ ಫೋಟೋ ನಂಬಿ ಕೆಟ್ಟೆ. ಎರಡು ವರ್ಷದ ಹಿಂದೆ ಒಂದು ಹಳೆಯ ಗಿರಣಿಯ ಪ್ಲಮ್ಮರ್ ಬ್ಲಾಕ್, ಅಂದರೆ ಶಾಫ್ಟ್ ಹಿಡಿಯುವ ಬೇರಿಂಗ್ ಕೂರುವ ಎರಕದ ಗೂಡು, ಅದರ ಫೋಟೋ ಹೊಡೆದು ಫೋಟೋದಿಂದ ಹುಡುಕುವ ಗೂಗಲ್ ಲೆನ್ಸ್‌ಗೆ ಹಾಕಿದೆ. ಯುಸಿಪಿ 206 ಅನ್ನುವ ಮಾಡೆಲ್ ನಂಬರ್ ತೋರಿಸಿತು. ನೋಡಲು ಅಚ್ಚು ಅದೇ. ಎರಡು ತರಿಸಿದೆ, ಕೊರಿಯರ್ ಸೇರಿ ಸುಮಾರು 2,300 ರೂಪಾಯಿ. ಶಾಫ್ಟ್‌ಗೆ ಹೋಗಲೇ ಇಲ್ಲ. ಶಾಫ್ಟ್ ಒಂದೂಕಾಲು ಇಂಚಿನದು, ಅಂದರೆ 31.75 ಮಿ.ಮೀ., ಬಂದಿದ್ದು 30ರದ್ದು. ವಾಪಸ್ ತೆಗೆದುಕೊಳ್ಳಲಿಲ್ಲ. ಆ ಎರಡೂ ಇವತ್ತಿಗೂ ನನ್ನ ಅಂಗಡಿಯ ಹಲಗೆ ಮೇಲೆ ಇವೆ.

ಆಮೇಲೆ ಬಾಯಲ್ಲಿ ಹೇಳಿ ಹುಡುಕಿದೆ. 2017ರಿಂದ ಗೂಗಲ್ ಕನ್ನಡ ಮಾತು ಕೇಳುತ್ತದಲ್ಲ. ಬೆಲ್ಟ್ ಬೇಕಾಗಿ "ಗಿರಣಿ ಪಟ್ಟಾ" ಅಂದರೆ ಜಮೀನಿನ ಪಟ್ಟಾ ಬಂತು. ನಂಬರ್ ಹೇಳಿದರೆ ಇನ್ನೂ ಕಷ್ಟ, "ಟೂ ನಾಟ್ ಸಿಕ್ಸ್" ಅಂದಿದ್ದನ್ನು ಏನೇನೋ ಬರೆಯಿತು. ಆದರೆ ಪ್ಲಮ್ಮರ್ ಅನ್ನುವುದರ ಇಂಗ್ಲಿಷ್ ಸ್ಪೆಲ್ಲಿಂಗ್ ನನಗೆ ಬರಲ್ಲ, ಬಾಯಲ್ಲಿ ಅಂದರೆ ಸರಿಯಾಗಿ ಬೀಳುತ್ತದೆ. ಆಗ ಹೊಳೆಯಿತು. ಆಕಾರಕ್ಕೆ ಫೋಟೋ, ಹೆಸರಿಗೆ ಬಾಯಿ, ನಂಬರಿಗೆ ಬೆರಳು.

ಈ ಫೆಬ್ರವರಿಯಲ್ಲಿ ಬ್ಯಾಡಗಿ ಹತ್ತಿರ ಒಬ್ಬ ಅಕ್ಕನ ಖಾರದ ಗಿರಣಿ ನಿಂತಿತು. ಸೀಜನ್, ಬಾಗಿಲಲ್ಲಿ ಮೆಣಸಿನಕಾಯಿ ಚೀಲ ಸಾಲಾಗಿ ಇಟ್ಟಿದ್ದರು. ಬ್ಲಾಕನ್ನು ಸೀಮೆಎಣ್ಣೆಯಲ್ಲಿ ತೊಳೆದೆ. ಎರಕದ ಅಕ್ಷರದ ಮೇಲೆ ಚಾಕ್‌ಪೀಸ್ ಉಜ್ಜಿ, ಪಕ್ಕದಿಂದ ಟಾರ್ಚ್ ಬಿಟ್ಟೆ. ಸವೆದ 206 ಎದ್ದು ಕಂಡಿತು. ಪಕ್ಕದಲ್ಲಿ ಸ್ಟೀಲ್ ಸ್ಕೇಲ್ ಇಟ್ಟು ಒಂದು ಫೋಟೋ, ಇಲ್ಲದೆ ಒಂದು. ಹುಡುಕಲು ಸ್ಕೇಲ್ ಇಲ್ಲದ್ದೇ ಬೇಕು, ಇಲ್ಲದಿದ್ದರೆ ಲೆನ್ಸ್ ಸ್ಕೇಲನ್ನೇ ಮಾರಲು ತೋರಿಸುತ್ತದೆ. ಶಾಫ್ಟನ್ನು ಈ ಸಲ ಮಿ.ಮೀ.ನ ಸಣ್ಣ ಭಾಗವನ್ನೂ ಅಳೆಯುವ ವರ್ನಿಯರ್‌ನಲ್ಲಿ ಅಳೆದೆ, 31.7ರ ಆಸುಪಾಸು. ಫೋಟೋ ಕೆಳಗೆ ಹೆಸರು ಹೇಳಿ, 206-20 ಅಂತ ಒತ್ತಿದೆ. ಆ ಕೊನೆಯ 20 ಅಂದರೇನೇ ಒಂದೂಕಾಲು ಇಂಚು. ಅದರ ಜೊತೆ ಇನ್ನೊಂದು ಪದ ಸೇರಿಸುತ್ತೇನೆ, ಆಗ ಮಾರುವ ಆ್ಯಪ್‌ಗಳು ಕೆಳಗೆ ಹೋಗಿ ಹತ್ತಿರದ ಅಂಗಡಿಗಳು ಮೇಲೆ ಬರುತ್ತವೆ. ಅದು ಯಾವ ಪದ ಅಂತ ಇಲ್ಲಿ ಬರೆಯಲ್ಲ, ಅದರಲ್ಲೇ ನನ್ನ ಹೊಟ್ಟೆಪಾಡು ಇದೆ.

ಮಾಲು ಹುಬ್ಬಳ್ಳಿಯಲ್ಲೇ ಇತ್ತು. ಎರಡಕ್ಕೆ 1,900 ಚಿಲ್ಲರೆ. ಸ್ಕೇಲ್ ಇದ್ದ ಫೋಟೋ ವಾಟ್ಸಾಪ್ ಮಾಡಿ ಖಾತ್ರಿ ಮಾಡಿಕೊಂಡೆ. ಸಂಜೆ ಬಸ್ಸಿಗೆ ಪಾರ್ಸೆಲ್ ಬಂತು, ರಾತ್ರಿ ಒಂಬತ್ತಕ್ಕೆ ಗಿರಣಿ ತಿರುಗಿತು.

ಇದೇ ಉಪಾಯವನ್ನು ಸುಮ್ನೆ ನಮ್ಮ ಮೆಣಸಿನ ಗಿಡದ ಎಲೆ ಮುದುಡುವ ಮುಟುರು ರೋಗಕ್ಕೂ ಹಚ್ಚಿ ನೋಡಿದೆ. ಬರೀ ಎಲೆಯ ಫೋಟೋಕ್ಕೆ ಥ್ರಿಪ್ಸು, ಮೈಟು ಅನ್ನುವ ಸಣ್ಣ ಕೀಟಗಳು ಎರಡೂ ಬಂದವು. "ಎಲೆ ಕೆಳಕ್ಕೆ ಮುದುಡಿದೆ" ಅಂತ ಸೇರಿಸಿದೆ, ಮೈಟ್ ನುಸಿ ಮೇಲೆ ಬಂತು. ಥ್ರಿಪ್ಸ್ ಆಗಿದ್ದರೆ ಎಲೆ ಮೇಲಕ್ಕೆ ದೋಣಿ ಹಾಗೆ ಮಡಚುತ್ತದೆ. ತಪ್ಪು ಔಷಧಿಯ ಖರ್ಚು ಉಳಿಯಿತು.

ಈಗ ರಾಣೆಬೆನ್ನೂರಿನ ಮೂವರು ಮಿಸ್ತ್ರಿಗಳು ನನಗೇ ಫೋಟೋ ಕಳಿಸುತ್ತಾರೆ. ಒಂದಕ್ಕೆ 100 ರೂಪಾಯಿ ತೆಗೆದುಕೊಳ್ಳುತ್ತೇನೆ. ವರ್ನಿಯರ್ ಅಳತೆ ಇಲ್ಲದ ಫೋಟೋ ಬಂದರೆ ಹುಡುಕಲ್ಲ.